ಅಟ್ಟದಿಂದ ಇಳಿದ ಪುಸ್ತಕ, ಬಸ್ಸಿನಲ್ಲಿ ಬಂದ ಪುಸ್ತಕ

ಅಟ್ಟ ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಮುರಿದ ತೊಟ್ಟಿಲು, ಮದುವೆ ಮುಂಜಿಗಷ್ಟೇ ಕೆಳಗಿಳಿಯುವ ಹಿತ್ತಾಳೆ ಕೊಳಗ, ಹಪ್ಪಳದ ಡಬ್ಬಿ ಇಡುವ ಜಾಗ. ಎಸೆಯಲು ಮನಸ್ಸು ಬಾರದ, ಎದುರಿಗಿಟ್ಟುಕೊಳ್ಳಲು ಜಾಗವಿಲ್ಲದ ಸಾಮಾನೆಲ್ಲ ಅಲ್ಲಿ ಸೇರುತ್ತದೆ. ಧಾರವಾಡದಲ್ಲಿ ಮಾತ್ರ, ಅದೂ ಪುಸ್ತಕದ ಹುಚ್ಚಿರುವವರ ನಡುವೆ, ‘ಅಟ್ಟಕ್ಕ ಹೋಗಿದ್ದೆ’ ಎಂದರೆ ಯಾರೂ ಡಬ್ಬಿ ಇಳಿಸಲು ಹೋಗಿದ್ದ ಎಂದುಕೊಳ್ಳುವುದಿಲ್ಲ. ಸುಭಾಸ ರಸ್ತೆಯಲ್ಲಿ ಮೆಟ್ಟಿಲು ಹತ್ತಿದರೆ ಸಿಗುವ ಮನೋಹರ ಗ್ರಂಥಮಾಲೆಯ ಕಚೇರಿಗೆ ಅಲ್ಲಿಯ ಜನ ಇಟ್ಟ ಹೆಸರು ಅದು.

ಗ್ರಂಥಮಾಲೆ ಶುರುವಾದದ್ದು 1933ರಲ್ಲಿ. ಶುರು ಮಾಡಿದವರು ಜಿ.ಬಿ. ಜೋಶಿ. ನಾಟಕ ಓದಿದವರಿಗೆ, ನೋಡಿದವರಿಗೆ ಅವರು ಜಡಭರತ. ‘ಸತ್ತವರ ನೆರಳು’ ಬರೆದವರು. ಬೇಂದ್ರೆಯವರ ಸುತ್ತ ಕಟ್ಟಿಕೊಂಡಿದ್ದ ಗೆಳೆಯರ ಗುಂಪಿನ ಗಾಳಿ ಬೀಸುತ್ತಿದ್ದ ಊರು ಅದು. ಬರೆಯುವವರಿಗೆ ಕೊರತೆ ಇರಲಿಲ್ಲ. ಬರೆದದ್ದು ಓದುವವನ ಕೈಗೆ ಹೋಗುವ ದಾರಿ ಇರಲಿಲ್ಲ. ಮುಂಬೈ ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಗಳಲ್ಲಿ ಮರಾಠಿಯ ಜೋರು, ಕನ್ನಡ ಪುಸ್ತಕದ ಅಂಗಡಿಗಳೇ ಕಡಿಮೆ.

ಜೋಶಿ ಹಿಡಿದ ದಾರಿ ಚಂದಾ. ಓದುಗ ವರ್ಷದ ಹಣವನ್ನು ಮೊದಲೇ ಕಟ್ಟುತ್ತಾನೆ, ವರ್ಷವಿಡೀ ಪುಸ್ತಕ ಅವನ ಮನೆಗೆ ಬರುತ್ತದೆ. ಕೇಳುವುದಕ್ಕೆ ಸಾದಾ ಲೆಕ್ಕ. ಆದರೆ ಇದರಲ್ಲಿ ಒಂದು ಚಮತ್ಕಾರವಿದೆ, ಅದನ್ನು ನಾವು ಅಷ್ಟಾಗಿ ಗಮನಿಸಿಲ್ಲ ಎನ್ನುವುದು ನನ್ನ ದೂರು. ಚಂದಾದಾರನಿಗೆ ಯಾವ ಪುಸ್ತಕ ಬರುತ್ತದೆಂದು ಗೊತ್ತಿರುವುದಿಲ್ಲ. ಆರಿಸುವವರು ಅಟ್ಟದ ಮೇಲೆ ಕೂತವರು. ಹೆಸರು ಕೇಳಿದ ಲೇಖಕನನ್ನೇ ಕೊಳ್ಳುವ ಚಟ ನಮಗೆಲ್ಲ ಇದೆ. ಅಂಗಡಿಯಲ್ಲಿ ಕೈ ತಾನಾಗಿ ಕಾರಂತರ ಕಡೆಗೋ ಭೈರಪ್ಪನವರ ಕಡೆಗೋ ಹೋಗುತ್ತದೆ. ಚಂದಾದಾರನಿಗೆ ಆ ಚಟ ತೀರಿಸಿಕೊಳ್ಳುವ ದಾರಿಯೇ ಇಲ್ಲ. ಅಂಚೆಯವನು ತಂದುಕೊಟ್ಟ ಕಟ್ಟು ಬಿಚ್ಚಿದರೆ ಒಳಗೆ ಈವರೆಗೆ ಕೇಳದ ಹೆಸರು. ಹಣ ಕೊಟ್ಟಾಗಿದೆ, ಇನ್ನೇನು ಮಾಡುವುದು, ಓದುತ್ತಾನೆ.

1961ರಲ್ಲಿ ಹಾಗೆ ಕಟ್ಟು ಬಿಚ್ಚಿದವರಿಗೆ ‘ಯಯಾತಿ’ ಸಿಕ್ಕಿರಬೇಕು. ಬರೆದವನಿಗೆ ಇಪ್ಪತ್ಮೂರು ವಯಸ್ಸು, ಆಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹುಡುಗ, ಅದು ಅವನ ಮೊದಲ ನಾಟಕ. ಗಿರೀಶ ಕಾರ್ನಾಡ ಎಂಬ ಹೆಸರಿಗೆ ಆಗ ಯಾರೂ ಅಂಗಡಿಯಲ್ಲಿ ಕೈ ಚಾಚುತ್ತಿರಲಿಲ್ಲ. ಅದೇ ವರ್ಷ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಬಂತು. 1965ರಲ್ಲಿ ‘ಸಂಸ್ಕಾರ’. ಅನಂತಮೂರ್ತಿ ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು, ಕಥೆ ನಡೆಯುವುದು ಮಲೆನಾಡಿನ ಅಗ್ರಹಾರದಲ್ಲಿ, ಅಚ್ಚಾದದ್ದು ಧಾರವಾಡದಿಂದ. 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’. ಅದರ ಕವಿ ಎ.ಕೆ. ರಾಮಾನುಜನ್ ಇದ್ದದ್ದು ಷಿಕಾಗೋದಲ್ಲಿ. ಹೀಗೆ ನೋಡಿದರೆ ‘ಪ್ರಾದೇಶಿಕ’ ಎಂಬ ಮಾತೇ ನನಗೆ ಸ್ವಲ್ಪ ಗೊಂದಲ ತರುತ್ತದೆ. ಪ್ರದೇಶ ಯಾವುದು? ಬರೆದವನು ಕೂತ ಊರೋ, ಕಥೆಯ ಊರೋ, ಕಟ್ಟು ಕಟ್ಟಿ ಅಂಚೆಗೆ ಹಾಕಿದ ಊರೋ?

ಆರಿಸುವ ಕೆಲಸದಲ್ಲಿ ಜೋಶಿಯವರಿಗೆ ಜೊತೆಯಾದವರು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ. ಗ್ರಂಥಮಾಲೆಗೆ ಇಪ್ಪತ್ತೈದು ತುಂಬಿದ ನೆಪದಲ್ಲಿ ಅವರ ಸಂಪಾದಕತ್ವದಲ್ಲಿ ಬಂದ ‘ನಡೆದು ಬಂದ ದಾರಿ’ಯ ಮೂರು ಸಂಪುಟಗಳನ್ನು ಕನ್ನಡ ಎಂ.ಎ. ಹುಡುಗರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಬೇರೆ ಪ್ರಕಾಶಕರಾಗಿದ್ದರೆ ಬೆಳ್ಳಿಹಬ್ಬಕ್ಕೆ ಶಾಮಿಯಾನ ಹಾಕಿಸಿ, ಹಾರ ತುರಾಯಿ ತರಿಸಿ, ಸ್ಮರಣ ಸಂಚಿಕೆಯಲ್ಲಿ ಸಕ್ಕರೆ ಕಾರ್ಖಾನೆಯ ಜಾಹೀರಾತು ಹಾಕಿ ಮುಗಿಸುತ್ತಿದ್ದರು. ಜೋಶಿ 1993ರಲ್ಲಿ ತೀರಿಕೊಂಡ ಮೇಲೆ ಮಗ, ಆಮೇಲೆ ಮೊಮ್ಮಗ ಅಟ್ಟವನ್ನು ನಡೆಸಿಕೊಂಡು ಬಂದರು. ‘ಯಯಾತಿ’ಯ ಹುಡುಗ ಮುಪ್ಪಿನಲ್ಲಿ ಬರೆದ ಆತ್ಮಕಥೆ ‘ಆಡಾಡತ ಆಯುಷ್ಯ’ 2011ರಲ್ಲಿ ಬಂದದ್ದೂ ಇಲ್ಲಿಂದಲೇ.

ಅಟ್ಟಕ್ಕಿಂತ ಮೊದಲೂ ಒಬ್ಬರಿದ್ದರು. ಹಾವೇರಿ ಸೀಮೆಯಲ್ಲಿ, ವರದೆ ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ ಎಂಬ ಊರಿದೆ. ಅಲ್ಲಿಯ ವೆಂಕಟೇಶ ತಿರಕೊ ಕುಲಕರ್ಣಿ ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡರು. 1869ರಲ್ಲಿ ಹುಟ್ಟಿದ ಈ ಮಾಸ್ತರರು ಕಾದಂಬರಿ ಬರೆದರು, ಮರಾಠಿಯ ಹರಿ ನಾರಾಯಣ ಆಪಟೆಯವರನ್ನು ಕನ್ನಡಕ್ಕೆ ತಂದರು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ನೋಡಿಕೊಂಡರು. ಅಷ್ಟೇ ಆಗಿದ್ದರೆ ಸಾಹಿತ್ಯ ಚರಿತ್ರೆಯಲ್ಲಿ ಎರಡು ಸಾಲು ಸಿಕ್ಕಿ ಮುಗಿಯುತ್ತಿತ್ತು. ಜನರ ನೆನಪಿನಲ್ಲಿ ಉಳಿದದ್ದು ಇನ್ನೊಂದು ಕಾರಣಕ್ಕೆ: ತಾವು ಬರೆದ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಗಳಗನಾಥರು ಬಂದರೆ ಪುಸ್ತಕದ ಅಂಗಡಿಯೇ ನಡೆದು ಬಂದಂತೆ.

ಈ ಸಾಲಿನಲ್ಲಿ ನಿಲ್ಲುವವರು ಇನ್ನೂ ಇದ್ದಾರೆ. ರಾಜರತ್ನಂ ‘ಶಾಕ್ಯ ಸಾಹಿತ್ಯ ಮಂಟಪ’ ಎಂದು ಹೆಸರಿಟ್ಟುಕೊಂಡು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಸಿ ತಾವೇ ಮಾರಿದರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೂತು ಕೆ.ವಿ. ಸುಬ್ಬಣ್ಣ ಅಕ್ಷರ ಪ್ರಕಾಶನ ಕಟ್ಟಿದರು. ಮಂಗಳೂರಿನಲ್ಲಿ ಜಿ.ಎನ್. ಅಶೋಕವರ್ಧನ 1975ರಲ್ಲಿ ತೆರೆದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕಿತು. ಅಲ್ಲಿ ಪುಸ್ತಕ ಕೊಂಡವರು ಅಂಗಡಿಯ ಮಾತು ಬಂದಾಗ ಇಂದಿಗೂ ತೀರಿಕೊಂಡ ನೆಂಟರ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಾರೆ. ಇವರೆಲ್ಲ ಮಾಡಿದ್ದು ಒಂದೇ ಕೆಲಸ, ‘ಇದನ್ನ ಓದು, ನಾ ಹೇಳ್ತೀನಿ’ ಎನ್ನುವುದು.

ಹಾಗೆ ಹೇಳುವವರು ಈಗ ಎಲ್ಲಿದ್ದಾರೆ? ಇದ್ದಾರೆ, ಆದರೆ ಹುಡುಕಬೇಕು. ಗದಗಿನಲ್ಲಿ ಲಡಾಯಿ ಪ್ರಕಾಶನವಿದೆ. ಬೆಂಗಳೂರಿನಲ್ಲಿ ಕಥೆಗಾರ ವಸುಧೇಂದ್ರ ಶುರು ಮಾಡಿದ ಛಂದ ಪುಸ್ತಕ, ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಅಚ್ಚು ಹಾಕುತ್ತದೆ. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಂತೂ ಸಣ್ಣ ಪ್ರಕಾಶಕರ ಪಾಲಿಗೆ ಮುಂಗಾರು ಮಳೆ. ಯಾವಾಗ ಬರುತ್ತದೋ, ಎಷ್ಟು ಬರುತ್ತದೋ, ಆದರೆ ಬಿತ್ತನೆ ಅದನ್ನು ನಂಬಿಯೇ. ಅಚ್ಚಾದದ್ದರಲ್ಲಿ ಒಂದು ಪಾಲು ಹಾಗೆ ಗ್ರಂಥಾಲಯ ಸೇರಿದರೆ, ಉಳಿದದ್ದು ಲೇಖಕನ ಮನೆಯ ಮಂಚದ ಕೆಳಗೆ ಸೇರುತ್ತದೆ.

2025ರ ಮೇನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದಾಗ ‘ಇವರ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ’ ಎಂದು ಕೇಳಿದವರಲ್ಲಿ ನಾನೂ ಒಬ್ಬ. ಹಾಸನದಲ್ಲಿ ಕೂತು ದಶಕಗಳಿಂದ ಕನ್ನಡದಲ್ಲೇ ಬರೆಯುತ್ತಿದ್ದವರ ಹೆಸರು ನನ್ನ ಕಪಾಟಿಗೆ ಬರಲು ಲಂಡನ್ನಿನ ಸುತ್ತು ಬಳಸು ಬೇಕಾಯಿತು. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

ಅಲ್ಲಿಂದ ನಾನು ಒಂದು ಅಭ್ಯಾಸ ಹಾಕಿಕೊಂಡೆ. ಕನ್ನಡ ಪುಸ್ತಕದ ಶೀರ್ಷಿಕೆ ಪುಟವನ್ನು ತಿರುವಿದರೆ ಹಿಂದೆ ಸಣ್ಣ ಅಕ್ಷರದ ಒಂದು ಪುಟ ಇರುತ್ತದಲ್ಲ, ಅದನ್ನು ಮೊದಲು ಓದುವುದು. ಮೊದಲ ಮುದ್ರಣ ಇಂಥ ವರ್ಷ. ಆಕಾರ: ಡೆಮಿ 1/8. ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ. ಪ್ರತಿಗಳು: 500. ಮುಖಪುಟ: ಯಾರೋ ಒಬ್ಬರು. ಅಕ್ಷರ ಜೋಡಣೆ: ತಾಲ್ಲೂಕಿನ ಯಾವುದೋ ಕಂಪ್ಯೂಟರ್ಸ್. ಕೆಳಗೆ ಪ್ರಕಾಶಕರ ವಿಳಾಸ, ಅದರಲ್ಲಿ ಅಂಚೆಯ ಹೆಸರು, ತಾಲ್ಲೂಕು, ಮೊಬೈಲ್ ನಂಬರು. ಇಂಗ್ಲಿಷಿನ ಪುಸ್ತಕಗಳಲ್ಲಿ ಕಾಗದದ ತೂಕ ಯಾರೂ ಬರೆಯುವುದಿಲ್ಲ. ನಮ್ಮಲ್ಲಿ ಬರೆಯುತ್ತಾರೆ, ಗ್ರಂಥಾಲಯದ ಖರೀದಿಗೆ ಪುಟ, ಆಕಾರ, ಕಾಗದ ಎಲ್ಲ ಲೆಕ್ಕಕ್ಕೆ ಬರುತ್ತವೆ. ‘ಪ್ರತಿಗಳು: 500’ ಎಂದಿದ್ದು ಪ್ರಕಾಶಕರ ಹೆಸರೂ ಲೇಖಕರ ಹೆಂಡತಿಯ ಹೆಸರೂ ಒಂದೇ ಆಗಿದ್ದರೆ ಆ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಖಚಿತ. ನಂಬರಿಗೆ ಫೋನ್ ಮಾಡುವುದೊಂದೇ ದಾರಿ.

ಇನ್ನೊಂದು ಪುಟವನ್ನೂ ಬಿಡಬಾರದು. ‘ಅರಿಕೆ’, ‘ಲೇಖಕನ ಮಾತು’, ‘ಎರಡು ಮಾತು’ ಎಂಬ ಹೆಸರಿನಲ್ಲಿ ಬರುವ ಕೃತಜ್ಞತೆಯ ಪುಟ. ಎರಡು ಮಾತು ಎಂದು ಆರು ಪುಟ ಬರೆದಿರುತ್ತಾರೆ, ಅದು ಬೇರೆ ವಿಷಯ. ಅದರಲ್ಲಿ ಕರಡು ತಿದ್ದಿದ ಮಾಸ್ತರರ, ಹಳೆಯ ಕಾಗದಪತ್ರ ಕೊಟ್ಟ ಗೌಡರ, ‘ಬರೀರಿ ಬರೀರಿ’ ಎಂದು ಬೆನ್ನುಹತ್ತಿದ ಗೆಳೆಯರ ಹೆಸರುಗಳಿರುತ್ತವೆ. ಆ ಹೆಸರುಗಳಲ್ಲಿ ಒಂದೆರಡಾದರೂ ಸ್ವತಃ ಪುಸ್ತಕ ಬರೆದವರದ್ದು. ಒಬ್ಬರ ಅರಿಕೆಯಿಂದ ಇನ್ನೊಬ್ಬರ ಪುಸ್ತಕಕ್ಕೆ, ಅವರ ಅರಿಕೆಯಿಂದ ಮತ್ತೊಬ್ಬರದಕ್ಕೆ ಹೋಗಬಹುದು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಗಳ ಕೊನೆಯ ಸಾಲಿನಲ್ಲಿ ಒಂದು ಹಳ್ಳಿಯ ಚರಿತ್ರೆ ಕೊಂಡಿದ್ದೆ. ಮೊನ್ನೆ ಅದರ ಅರಿಕೆಯಲ್ಲಿ ಕಣ್ಣಾಡಿಸುವಾಗ ನಮ್ಮ ತಾಲ್ಲೂಕಿನವರೇ ಒಬ್ಬ ನಿವೃತ್ತ ಶಿಕ್ಷಕರು ದೊಡ್ಡಾಟದ ಮಾಸ್ತರರ ಬಗ್ಗೆ ಪುಸ್ತಕ ಬರೆದಿದ್ದಾರೆ ಎಂದು ಗೊತ್ತಾಯಿತು. ನಮ್ಮೂರಿಂದ ಹದಿನಾಲ್ಕು ಕಿಲೋಮೀಟರು. ನನಗೆ ಗೊತ್ತೇ ಇರಲಿಲ್ಲ.

ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಹೋಗಿ ಕೇಳಿದೆ. ಹುಡುಗ ಕಂಪ್ಯೂಟರಿನಲ್ಲಿ ಲೇಖಕರ ಹೆಸರು ಹಾಕಿ, ‘ಇಲ್ಲ ಸರ್, ಇಂಥ ಆಥರ್ ಇಲ್ಲ’ ಎಂದ. ಪುಸ್ತಕ ಇಲ್ಲ ಎಂದಿದ್ದರೆ ಸರಿ, ಮನುಷ್ಯನೇ ಇಲ್ಲ ಎಂದುಬಿಟ್ಟ. ಹಳ್ಳಿಯ ಚರಿತ್ರೆ ಬರೆದವರಿಂದ ನಂಬರು ಇಸಿದುಕೊಂಡು ಫೋನ್ ಮಾಡಿದೆ.

‘ನಿಮ್ಮ ದೊಡ್ಡಾಟದ ಪುಸ್ತಕ ಬೇಕಾಗಿತ್ತರಿ ಸರ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಯಾರಿಗ್ರಿ?’

‘ನನಗ ರಿ.’

‘ಓದಾಕೇನ್ರಿ?’

ಹೌದೆಂದೆ. ಧ್ವನಿಯೇ ಬದಲಾಯಿತು. ‘ನಾಳೆ ಮುಂಜಾನಿ ಎಂಟರ ಬಸ್ಸಿನ್ಯಾಗ ಕಂಡಕ್ಟರ್ ಕೈಯಾಗ ಕೊಟ್ಟು ಕಳಸ್ತೀನಿ. ಬಸ್‌ಸ್ಟ್ಯಾಂಡಿಗೆ ಬಂದು ಇಸ್ಕೋರಿ. ರೊಕ್ಕದ್ದು ಆಮ್ಯಾಲ ನೋಡೂಣಂತ, ಮೊದಲ ಓದ್ರಿ.’

ಮರುದಿನ ಬಸ್ಸು ಮುಕ್ಕಾಲು ಗಂಟೆ ತಡ. ಕಂಡಕ್ಟರ್ ಡ್ರೈವರ್ ಸೀಟಿನ ಹಿಂದಿನಿಂದ ಒಂದು ಕಟ್ಟು ತೆಗೆದು, ‘ಮಾಸ್ತರ್ ಕೊಟ್ಟಾರ, ನೀವೇನ್ರಿ?’ ಎಂದು ಕೇಳಿ ಕೊಟ್ಟ. ಹಳೆಯ ಪೇಪರಿನಲ್ಲಿ ಸುತ್ತಿ ಗೋಣಿದಾರ ಬಿಗಿದಿತ್ತು. ಒಂದು ಕೇಳಿದ್ದೆ, ಒಳಗೆ ಮೂರು ಪ್ರತಿ ಇದ್ದವು. 148 ಪುಟ. ಸುತ್ತಲಿನ ಹನ್ನೊಂದು ಹಳ್ಳಿಗಳ ಮಾಸ್ತರರು, ಯಾರು ಯಾವ ಪ್ರಸಂಗ ಕಲಿಸುತ್ತಿದ್ದರು, ಕಿರೀಟ ಯಾವ ಊರಿನ ಬಡಿಗೇರ ಮಾಡಿಕೊಡುತ್ತಿದ್ದ, ಮದ್ದಳೆಗೆ ಚರ್ಮ ಎಲ್ಲಿಂದ ಬರುತ್ತಿತ್ತು, ಸುಗ್ಗಿ ಮುಗಿದ ಮೇಲೆ ತಾಲೀಮು ಯಾರ ಕಣದಲ್ಲಿ ನಡೆಯುತ್ತಿತ್ತು. ದ್ರೌಪದಿಯ ಪಾತ್ರ ಮಾಡುತ್ತಿದ್ದವನು ಮದುವೆಯಾದ ಮೇಲೆ ಬೀಗರು ಬೇಡವೆಂದದ್ದಕ್ಕೆ ಬಣ್ಣ ಬಿಟ್ಟು, ಆಟದ ರಾತ್ರಿ ಮಾತ್ರ ಮನೆಯಲ್ಲಿ ನಿಲ್ಲಲಾರದೆ ಹೊಲಕ್ಕೆ ಹೋಗಿ ಮಲಗುತ್ತಿದ್ದ ಸಂಗತಿ ಮೂರೇ ಸಾಲಿನಲ್ಲಿ ಬಂದಿದೆ. ಅಚ್ಚಿನ ತಪ್ಪುಗಳು ಬಹಳ. ಆದರೆ ಒಂದೊಂದನ್ನೂ ಮಾಸ್ತರರು ನೀಲಿ ಪೆನ್ನಿನಿಂದ ತಿದ್ದಿದ್ದಾರೆ. ಮೂರೂ ಪ್ರತಿಗಳನ್ನು ಪಕ್ಕದಲ್ಲಿಟ್ಟು ನೋಡಿದೆ, ಮೂರರಲ್ಲೂ ಅದೇ ಜಾಗದಲ್ಲಿ ಅದೇ ತಿದ್ದುಪಡಿ. 63ನೆಯ ಪುಟದಲ್ಲಿ ಒಬ್ಬ ಮದ್ದಳೆಗಾರನ ಹೆಸರು ಬಿಟ್ಟುಹೋಗಿತ್ತಂತೆ. ಅಂಚಿನಲ್ಲಿ ಕೈಬರಹದಲ್ಲಿ ಸೇರಿಸಿ, ಇಂಥ ಸಾಲಿಗೆ ಎಂದು ಬಾಣದ ಗುರುತು ಹಾಕಿದ್ದರು.

ಮೇಲಿನ ಪ್ರತಿಯೊಳಗೆ ಮಕ್ಕಳ ನೋಟ್‌ಬುಕ್ಕಿನಿಂದ ಹರಿದ ಒಂದು ಚೀಟಿ ಇತ್ತು. ‘ನಿಮ್ಮ ಊರ ಆಟದವರು ಇದರಾಗ ಇಲ್ಲ. ನನಗ ಯಾರೂ ಹೇಳಾವ್ರು ಸಿಗಲಿಲ್ಲ. ನಿಮ್ಮ ಅಜ್ಜಾರು ಯಾರಿಗಾದರೂ ನೆನಪಿದ್ದರ ಕೇಳಿ ಬರದು ಕಳಸ್ರಿ. ಎಂಟರ ಬಸ್ಸಿನ್ಯಾಗ ಕೊಟ್ರೂ ನಡೀತದ.’