ದಂಪತಿ ಮತ್ತು ಕುಟುಂಬ ಸಮಾಲೋಚಕರ ಸಿದ್ಧತೆ

ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಾಗಲಿ, ಮಾನ್ವಿ ದೇವದುರ್ಗಗಳ ಸೀಮೆಯಲ್ಲಾಗಲಿ, ಗಂಡಹೆಂಡಿರ ಮನಸ್ತಾಪವು ಸಾಮಾನ್ಯವಾಗಿ ಮೊದಲು ಬರುವುದು ಹಿರಿಯರ ಮುಂದೆ. ಅವರು ಇಬ್ಬರ ಮಾತನ್ನೂ ಕೇಳಿ, ತಪ್ಪು ಯಾರದೆಂದು ನಿರ್ಣಯಿಸಿ, ಬುದ್ಧಿ ಹೇಳಿ ಕಳುಹಿಸುತ್ತಾರೆ. ಮನಶ್ಶಾಸ್ತ್ರವನ್ನು ಓದಿದವರು ಮಾಡುವುದೂ ಇಷ್ಟೇ ಅಲ್ಲವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಲ್ಲವೆಂಬುದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ. ನಮ್ಮ ಮಟ್ಟಿಗೆ, ಕುಟುಂಬ ಸಮಾಲೋಚಕರಾಗುವ ದಾರಿಯೆಂದರೆ ತೀರ್ಪು ಕೊಡುವ ಅಭ್ಯಾಸವನ್ನು ಬಿಡುತ್ತ ಹೋಗುವ ದಾರಿ.

ಈ ಶಾಖೆಗೆ ಚಿಕಿತ್ಸಕರು ನೇರವಾಗಿ ಬಂದವರಲ್ಲ. ಒಬ್ಬೊಬ್ಬ ರೋಗಿಯನ್ನು ಪ್ರತ್ಯೇಕವಾಗಿ ಕಂಡು, ಗುಣಮುಖನಾಗಿ ಮನೆಗೆ ಹೋದವನು ಮತ್ತೆ ಅದೇ ಬೇನೆಯಿಂದ ಹಿಂದಿರುಗಿದಾಗ, ಅವರ ದೃಷ್ಟಿ ಮನೆಯ ಕಡೆಗೆ ಹೊರಳಿತು. ಅಮೆರಿಕದಲ್ಲಿ ಮರ್ರೆ ಬೋವೆನ್ 1950ರ ದಶಕದಲ್ಲಿ ರೋಗಿಯೊಡನೆ ಮನೆಯವರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಂಡು ಪರಿಶೀಲಿಸಿದರು. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವಿದ್ಯಾಸಾಗರರು ರೋಗಿಗಳ ಬಂಧುಗಳಿಗಾಗಿ ಆವರಣದಲ್ಲಿಯೇ ಡೇರೆಗಳನ್ನು ಹಾಕಿಸಿದ್ದರು. ಅಲ್ಲಿ ಸಿದ್ಧಾಂತ ಮೊದಲು, ಇಲ್ಲಿ ಅನುಭವ ಮೊದಲು ಎನ್ನಬಹುದು. ನಮ್ಮ ದೇಶದಲ್ಲಿ ರೋಗಿಯ ಹಿಂದೆ ಮನೆಮಂದಿ ಬರುವುದು ವಾಡಿಕೆಯೇ ಆಗಿರುವುದರಿಂದ, ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದೇ ಸೋಜಿಗ.

ಕನ್ನಡನಾಡಿನ ಮಟ್ಟಿಗೆ ಈ ವಿದ್ಯೆಯ ಹಿನ್ನೆಲೆ ಸಾಕಷ್ಟು ಹಳೆಯದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರದ ವಿಭಾಗ ಆರಂಭವಾಯಿತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಅದು ನಿಮ್ಹಾನ್ಸ್ ಆಗಿ ಮಾರ್ಪಟ್ಟಿತು. ಆ ದಶಕದ ಕೊನೆಯಿಂದೀಚೆಗೆ ಅಲ್ಲಿ ಇಡೀ ಕುಟುಂಬವನ್ನೇ ಚಿಕಿತ್ಸೆಗೆ ಒಳಪಡಿಸುವ ಪದ್ಧತಿ ಬೆಳೆದುಬಂದಿತು, ಆರ್. ಎಸ್. ಭಟ್ಟಿ, ಮ್ಯಾಥ್ಯೂ ವರ್ಗೀಸ್ ಮುಂತಾದವರ ಶ್ರಮ ಇದರಲ್ಲಿ ಸ್ಮರಣೀಯ. ಕುಟುಂಬ ಚಿಕಿತ್ಸೆಯಲ್ಲಿಯೇ ಪ್ರತ್ಯೇಕ ಪದವಿ ನಮ್ಮಲ್ಲಿ ವಿರಳ. ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅದರ ಮೇಲೆ ಆಸ್ಪತ್ರೆಯಲ್ಲಿ ಎರಡು ವರ್ಷಗಳ ತರಬೇತಿ, ಆಮೇಲೆ ಈ ಶಾಖೆಗೆ ಪ್ರವೇಶ: ಬಹುಕಾಲ ರೂಢಿಯಲ್ಲಿದ್ದ ಕ್ರಮ ಇದು.

ತರಬೇತಿಯಲ್ಲಿ ಕಲಿಯುವುದೇನು? ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಮಳೆ ಕೈಕೊಟ್ಟ ವರ್ಷ ಗಂಡ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿದ್ದಾನೆ. ಸೊಸೆ ಅತ್ತೆಯೊಡನೆ ಊರಿನಲ್ಲಿದ್ದಾಳೆ. ಆಕೆಗೆ ತಲೆನೋವು, ನಿದ್ರೆಯಿಲ್ಲ. ತಲೆನೋವಿಗೆ ಮಾತ್ರೆ ಕೊಡುವುದು ಸುಲಭ. ‘ಅತ್ತೆಯೊಡನೆ ಹೊಂದಿಕೊಂಡು ಹೋಗಮ್ಮ’ ಎನ್ನುವುದು ಇನ್ನೂ ಸುಲಭ. ಪಳಗಿದ ಸಮಾಲೋಚಕರು ಬೇರೆಯದನ್ನೇ ಕೇಳುತ್ತಾರೆ. ಗಂಡ ಕಳುಹಿಸಿದ ಹಣ ಯಾರ ಕೈ ಸೇರುತ್ತದೆ? ಫೋನು ಬಂದಾಗ ಮೊದಲು ಮಾತನಾಡುವವರು ಯಾರು? ಆತ ಊರಿಗೆ ಬಂದ ದಿನ ತಲೆನೋವು ಹೆಚ್ಚುವುದೋ, ಇಳಿಯುವುದೋ? ಮೂರು ತಲೆಮಾರಿನ ವಂಶವೃಕ್ಷವನ್ನು ಬರೆದುಕೊಂಡರೆ, ಅತ್ತೆಯೂ ಒಂದು ಕಾಲಕ್ಕೆ ಇದೇ ಮನೆಯಲ್ಲಿ ಗಂಡನ ದಾರಿ ಕಾಯುತ್ತಿದ್ದ ಸೊಸೆಯಾಗಿದ್ದಳೆಂಬುದು ಕಾಣಬಹುದು. ಆಗ ಬೇನೆ ಒಬ್ಬಳದಾಗಿ ಉಳಿಯದೆ, ಮೂವರ ನಡುವಣ ಸಂಬಂಧದ ಪ್ರಶ್ನೆಯಾಗುತ್ತದೆ. ಕಲಿಯುವವರು ಹೀಗೆ ಪ್ರಶ್ನಿಸುತ್ತಿರುವಾಗ ಒಮ್ಮುಖ ಗಾಜಿನ ಹಿಂದೆ ಗುರುಗಳು ಕುಳಿತು ಗಮನಿಸುವ ಕ್ರಮವೂ ಉಂಟು. ಶಿಷ್ಯರು ತಮಗರಿವಿಲ್ಲದೆಯೇ ಯಾರ ಪಕ್ಷ ವಹಿಸಿದರೆಂಬುದು ಹೊರಗಿನ ಕಣ್ಣಿಗೆ ಬೇಗ ಗೋಚರಿಸುತ್ತದೆ.

ಆದರೆ ತೀರ್ಪು ಕೊಡದಿರುವುದೆಂದರೆ ಹೊಡೆತವನ್ನೂ ‘ಸಂಬಂಧದ ಪ್ರಶ್ನೆ’ಯೆಂದು ತೇಲಿಸಿಬಿಡುವುದಲ್ಲ. ಇಲ್ಲಿ ಎಡವಿದರೆ ಒಂದು ಜೀವಕ್ಕೇ ಅಪಾಯ. ಗಂಡನ ಎದುರಿನಲ್ಲಿ ಕೇಳಿದರೆ ಹೆಂಡತಿ ಸತ್ಯವನ್ನು ಹೇಳಲಾರಳು. ಹೇಳಿದರೆ ಅದರ ಫಲವನ್ನು ಆ ರಾತ್ರಿಯೇ ಉಣ್ಣಬೇಕಾದೀತು. ಆದುದರಿಂದ ಇಬ್ಬರನ್ನೂ ಮೊದಲು ಬೇರೆಬೇರೆಯಾಗಿ ಕಾಣುವುದು ಅಗತ್ಯ. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವು ರಾಜಿಯ ಪ್ರಯತ್ನವನ್ನು ನ್ಯಾಯಾಲಯದ ಕರ್ತವ್ಯವಾಗಿಸಿತು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದಡಿ ರಚಿತವಾದ 2006ರ ನಿಯಮಗಳಾದರೋ ಇನ್ನೂ ಎಚ್ಚರಿಕೆಯಿಂದ ನಡೆಯುತ್ತವೆ. ಅವುಗಳ ಪ್ರಕಾರ ಹಿಂಸೆಯಿಂದ ದೂರವಿರುವೆನೆಂದು ಪ್ರತಿವಾದಿ ಮುಚ್ಚಳಿಕೆ ಕೊಡಬೇಕು. ತಾನು ನಡೆಸಿದನೆನ್ನಲಾದ ಹಿಂಸೆಯನ್ನು ಸಮಾಲೋಚನೆಯಲ್ಲಿ ಸಮರ್ಥಿಸಿಕೊಳ್ಳಲು ಆತನಿಗೆ ಅವಕಾಶವಿಲ್ಲ. ಈ ನಿಯಮಗಳನ್ನು ಓದದೆ ದಂಪತಿಗಳನ್ನು ಎದುರುಬದುರು ಕೂರಿಸುವವರನ್ನು ಸಮಾಲೋಚಕರೆಂದು ಕರೆಯಲು ನಾವು ಹಿಂಜರಿಯುತ್ತೇವೆ.

ರಾಯಚೂರಿನ ಸೀಮೆಗೆ ಈ ವಿದ್ಯೆ ದೂರದ್ದೇ. ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ ನಡೆದ ಪ್ರಯೋಗವು 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರಲ್ಲಿ ತೀವ್ರ ಮನೋರೋಗ, ಅಪಸ್ಮಾರಗಳಿಗೆ ಪ್ರಾಶಸ್ತ್ಯ ದೊರೆತದ್ದು ಸಹಜ. ಮನೆಯೊಳಗಿನ ಮೌನಕ್ಕೆ ಸರದಿ ಬರಲಿಲ್ಲ. ಕಲ್ಲೂರಿನ ಕಡೆಯಿಂದ ಈ ಅಭ್ಯಾಸಕ್ಕೆ ಹೊರಡುವ ವಿದ್ಯಾರ್ಥಿಗೆ ಒಂದು ಅನುಕೂಲವಂತೂ ಉಂಟು. ಗುಳೆ ಎಂದರೇನು, ಅದರಿಂದ ಮನೆಯಲ್ಲಿ ಯಾರ ಮಾತು ಏರುತ್ತದೆ, ಯಾರದು ಇಳಿಯುತ್ತದೆ ಎಂಬುದನ್ನು ಆತ ಪುಸ್ತಕದಿಂದ ಕಲಿಯಬೇಕಾಗಿಲ್ಲ.