ಕಳಪೆ ಬೀಜ, ಬೆಳೆ ನಷ್ಟ ಮತ್ತು ನ್ಯಾಯಾಲಯದ ತೀರ್ಪು

ಬಿತ್ತಿದ ಬೀಜ ಸರಿಯಾಗಿ ಮೊಳೆಯದಿದ್ದರೆ ರೈತನಿಗೆ ಆಗುವ ನಷ್ಟ ಬೀಜದ ಬೆಲೆಯಷ್ಟೇ ಅಲ್ಲ. ಉಳುಮೆ, ಗೊಬ್ಬರ, ಕೂಲಿಯ ಖರ್ಚು ವ್ಯರ್ಥವಾಗುವುದಲ್ಲದೆ, ಹದ ತಪ್ಪಿ ಆ ಹಂಗಾಮೇ ಕೈಬಿಟ್ಟು ಹೋಗುತ್ತದೆ. ಆದರೂ 1966ರ ಬೀಜ ಕಾಯ್ದೆಯಲ್ಲಿ ತಪ್ಪು ಮಾಡಿದ ಮಾರಾಟಗಾರನಿಗೆ ಶಿಕ್ಷೆಯನ್ನು ಗೊತ್ತುಪಡಿಸಲಾಯಿತೇ ಹೊರತು, ನಷ್ಟಪಟ್ಟ ರೈತನಿಗೆ ಪರಿಹಾರ ಕೊಡಿಸುವ ಮಾತು ಸೇರಲಿಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ನ್ಯಾಯಾಲಯದ ತೀರ್ಪುಗಳು.

ಅವುಗಳಲ್ಲಿ ಮುಖ್ಯವಾದದ್ದು 2012ರ ಸುಪ್ರೀಂ ಕೋರ್ಟಿನ ತೀರ್ಪು. ಆಂಧ್ರಪ್ರದೇಶದ ಕೆಲವು ರೈತರು ರಾಷ್ಟ್ರೀಯ ಬೀಜ ನಿಗಮದ ಬೀಜ ಬಿತ್ತಿ, ಬೆಳೆ ಕೈಕೊಟ್ಟಾಗ ಜಿಲ್ಲಾ ಗ್ರಾಹಕರ ವೇದಿಕೆಗೆ ದೂರು ಕೊಟ್ಟಿದ್ದರು. ಬೀಜಕ್ಕೆ ಪ್ರತ್ಯೇಕ ಕಾಯ್ದೆ ಇರುವುದರಿಂದ ವೇದಿಕೆಗೆ ಅಧಿಕಾರವಿಲ್ಲ, ಬೀಜೋತ್ಪಾದನೆಗೆ ಒಪ್ಪಂದ ಮಾಡಿಕೊಂಡವರು ಗ್ರಾಹಕರೇ ಅಲ್ಲ, ಬೀಜವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಲ್ಲ ಎಂದು ನಿಗಮ ವಾದಿಸಿತು. ನ್ಯಾಯಾಲಯ ಮೂರನ್ನೂ ಒಪ್ಪಲಿಲ್ಲ.

ಮೂರನೆಯ ವಾದವೇ ರೈತರಿಗೆ ಹೆಚ್ಚು ತೊಡಕಿನದಾಗಿತ್ತು. ಪರೀಕ್ಷೆಯಿಲ್ಲದೆ ವಸ್ತುವಿನ ದೋಷ ತಿಳಿಯದಿದ್ದರೆ ದೂರುದಾರನಿಂದ ಮಾದರಿ ಪಡೆದು ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳಿತ್ತು. ಡಬ್ಬದ ಎಣ್ಣೆಗೆ ಇದು ಸರಿ. ಮಣ್ಣು ಸೇರಿದ ಬೀಜದ ಮಾದರಿ ಎಲ್ಲಿಂದ ಬರಬೇಕು? ರೈತ ತಂದ ಬೀಜವನ್ನೆಲ್ಲ ಬಿತ್ತುತ್ತಾನೆ, ಮುಂದೆ ವ್ಯಾಜ್ಯ ಬಂದೀತೆಂದು ಒಂದಿಷ್ಟು ತೆಗೆದಿಡಬೇಕೆಂದು ನಿರೀಕ್ಷಿಸಲಾಗದು, ಅದೇ ತಂಡದ ಬೀಜದ ಮಾದರಿಯನ್ನು ನಿಗಮವೇ ಒದಗಿಸಿ ಪರೀಕ್ಷೆ ಮಾಡಿಸಬಹುದಿತ್ತು ಎಂದು ನ್ಯಾಯಾಲಯ ಹೇಳಿತು. ಹೊಲದ ಕೆಲಸ ಬಲ್ಲವರಿಗೆ ಇದು ಸಾಮಾನ್ಯ ಸಂಗತಿ. ಆದರೆ ಕಾನೂನಿನಲ್ಲಿ ಇದು ಸ್ಥಿರಪಡಲು ಇಷ್ಟು ವರ್ಷ ಬೇಕಾಯಿತು.

ಹಾಗೆಂದು ಇಳುವರಿ ಕಡಿಮೆಯಾದ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ. ಹರಿಯಾಣದ ಬೀಜ ನಿಗಮವೊಂದರ ಮೊಕದ್ದಮೆಯಲ್ಲಿ, ಬೀಜ ಕಳಪೆಯೆಂದು ವರದಿಯಲ್ಲಿ ನಿರ್ದಿಷ್ಟವಾಗಿ ಹೇಳದಿದ್ದರೆ ಬೆಳೆಯ ವ್ಯತ್ಯಾಸಕ್ಕೆ ಬೀಜವೇ ಕಾರಣವೆನ್ನಲಾಗದು ಎಂದು 2005ರಲ್ಲಿ ಇದೇ ನ್ಯಾಯಾಲಯ ತಿಳಿಸಿತ್ತು. ಇದೂ ನ್ಯಾಯವೇ. ಆಳವಾದ ಬಿತ್ತನೆ, ತೇವದ ಕೊರತೆ, ಬಿತ್ತಿದ ಮೇಲೆ ಮಳೆ ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟುವುದು ಇವುಗಳಿಂದಲೂ ಮೊಳಕೆ ಕುಂಠಿತವಾಗುತ್ತದೆ. ಸೂರ್ಯಕಾಂತಿಗೆ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಶೇಕಡ 70. ಆದ್ದರಿಂದ ನೂರರಲ್ಲಿ ಮೂವತ್ತು ಬೀಜ ಮೊಳೆಯದಿದ್ದರೆ ಅದನ್ನು ದೋಷವೆನ್ನಲಾಗದು.

ಆದಕಾರಣ ರಸೀದಿ, ಖಾಲಿ ಚೀಲ, ಅದಕ್ಕೆ ಹೊಲಿದ ಚೀಟಿ ಇವುಗಳನ್ನು ಕೊಯ್ಲು ಮುಗಿಯುವವರೆಗೆ ಇಟ್ಟುಕೊಳ್ಳತಕ್ಕದ್ದು. ರಸೀದಿಯಲ್ಲಿ ತಳಿಯ ಹೆಸರೂ ತಂಡದ ಸಂಖ್ಯೆಯೂ ಇರಬೇಕು. ಮೊಳಕೆ ವಿರಳವೆಂದು ಕಂಡೊಡನೆ, ಹೊಲವನ್ನು ಹರಗುವ ಮೊದಲೇ, ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಟ್ಟು ಅಧಿಕಾರಿಗಳಿಂದ ತನಿಖೆ ಮಾಡಿಸಬೇಕು. ಮಾರಾಟಗಾರನಿಗೂ ತಿಳಿಸಿ ಅವನ ಎದುರಿನಲ್ಲೇ ತನಿಖೆಯಾದರೆ ವರದಿಗೆ ಬಲ ಹೆಚ್ಚು. ಅದೇ ತಂಡದ ಬೀಜ ನೆರೆಹೊಲದಲ್ಲಿ ಹೇಗೆ ಬಂದಿದೆ, ಅದೇ ಹೊಲದಲ್ಲಿ ಬೇರೆ ಬೀಜ ಹೇಗೆ ಮೊಳೆತಿದೆ ಎಂಬುದನ್ನು ವಿಸ್ತರಣಾ ಕಾರ್ಯಕರ್ತರು ವರದಿಯಲ್ಲಿ ಕಾಣಿಸಬೇಕು. ಬೀಜದ ದೋಷವನ್ನು ಮಣ್ಣಿನ ದೋಷದಿಂದ ಬೇರ್ಪಡಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ರೈತನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಅವಧಿ ಎರಡು ವರ್ಷ. ಬೀಜಕ್ಕೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.