ಕುದಾಪುರದ ವಿದ್ಯಾಕ್ಷೇತ್ರವೂ ನಮ್ಮ ಹೆಣ್ಣುಮಕ್ಕಳೂ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ತಂದೆತಾಯಿಗಳು ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಕೇಳುವ ಪ್ರಶ್ನೆಯೊಂದುಂಟು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟು ನಮ್ಮ ಬಯಲಿಗೇ ಬಂದಿರುವಾಗ, ನಮ್ಮ ಮಗಳನ್ನು ಅಲ್ಲಿಯೇ ಓದಿಸಬಾರದೆ ಎಂಬುದೇ ಆ ಪ್ರಶ್ನೆ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದು. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿರುವುದರಿಂದ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿವೇದಿಸುತ್ತೇವೆ.

ಭಾರತೀಯ ವಿಜ್ಞಾನ ಸಂಸ್ಥೆಯು ಜಮಶೆಟ್‌ಜಿ ಟಾಟಾ ಅವರ ಸಂಕಲ್ಪದಿಂದ 1909ರಲ್ಲಿ ಸ್ಥಾಪಿತವಾಯಿತು. ಮೈಸೂರು ಸಂಸ್ಥಾನವು ಅದಕ್ಕೆ ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ಕೊಟ್ಟಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ನೂರು ವರ್ಷ ತುಂಬುವ ವೇಳೆಗೆ ಸ್ಥಳ ಸಾಲದಾಗಲು, ರಾಜ್ಯ ಸರಕಾರವು ಚಳ್ಳಕೆರೆ ತಾಲ್ಲೂಕಿನಲ್ಲಿ ನಾಯಕನಹಟ್ಟಿಯ ಸಮೀಪದ ಕುದಾಪುರದ ಬಳಿ ಸುಮಾರು 1500 ಎಕರೆಯನ್ನು ಅದಕ್ಕೆ ಒಪ್ಪಿಸಿತು. ನೆರೆಯಲ್ಲಿಯೇ ರಕ್ಷಣಾ ಸಂಶೋಧನಾ ಸಂಸ್ಥೆಗೂ, ಬಾಹ್ಯಾಕಾಶ ಸಂಸ್ಥೆಗೂ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಸಾವಿರಾರು ಎಕರೆ ಸಂದಿತು.

ಈ ಭೂಮಿಯು ಬರಿದಾದ ಬಯಲಾಗಿರಲಿಲ್ಲವೆಂಬುದನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಅದು ಮೈಸೂರು ದೊರೆಗಳ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲು. ಸುತ್ತಣ ಹಳ್ಳಿಗಳ ಕುರಿಗಾಹಿಗಳೂ ದನಗಾಹಿಗಳೂ ಅದನ್ನೇ ನಂಬಿ ಬಾಳಿದವರು. ಚಳ್ಳಕೆರೆಯ ಕಂಬಳಿಗೆ ಬೇಕಾದ ಉಣ್ಣೆಯು ಇಂಥ ಹುಲ್ಲುಗಾವಲುಗಳಿಂದಲೇ ಬರತಕ್ಕದ್ದು. ಗೋಡೆಗಳೆದ್ದ ಮೇಲೆ ಜನರು ದೂರಿಕೊಂಡರು. ಮೊಕದ್ದಮೆಯು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯವರೆಗೆ ಹೋಯಿತು. ಆದುದರಿಂದ ಕುದಾಪುರದ ವಿದ್ಯೆಯಲ್ಲಿ ನಮ್ಮ ಮಕ್ಕಳಿಗೆ ಪಾಲೆಷ್ಟು ಎಂದು ಕಂಬಳಿ ನೇಯುವ ತಂದೆಯೊಬ್ಬನು ಕೇಳಿದರೆ ಅದು ಆಶೆಬುರುಕತನವಲ್ಲ, ಹಕ್ಕಿನ ಮಾತು ಎಂದೇ ನಮ್ಮ ಅಭಿಪ್ರಾಯ.

ಇನ್ನು ಆ ಪಾಲಿನ ವಿಚಾರ. ಕುದಾಪುರಕ್ಕೆ ಅರ್ಜಿ ಹಾಕಿ ಪದವಿ ತರಗತಿಗೆ ಸೇರುವೆವೆಂದು ಯಾರೂ ಭಾವಿಸಬಾರದು. ಅಲ್ಲಿ ಪ್ರಧಾನವಾಗಿ ನಡೆಯುತ್ತಿರುವುದು ಅಧ್ಯಾಪಕರ ಶಿಕ್ಷಣ. ಪ್ರತಿಭಾ ವಿಕಾಸ ಕೇಂದ್ರವೆಂಬ ವಿಭಾಗದಲ್ಲಿ ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳ ವಿಜ್ಞಾನ, ಗಣಿತ ಅಧ್ಯಾಪಕರು ತಂಗಿದ್ದು, ಸ್ವಹಸ್ತದಿಂದ ಪ್ರಯೋಗಗಳನ್ನು ಮಾಡಿ ಕಲಿಯುವರು. ಹೀಗೆ ಕಲಿತುಹೋದ ಅಧ್ಯಾಪಕರ ಸಂಖ್ಯೆ ಸಾವಿರಗಳಲ್ಲಿದೆ. ಇದನ್ನು ಅಲ್ಪವೆಂದು ಎಣಿಸುವವರು ತಮ್ಮ ಶಾಲೆಯ ದಿನಗಳನ್ನು ನೆನೆಯಲಿ. ಬೀಗ ಹಾಕಿದ ಬೀರುವಿನ ಗಾಜಿನೊಳಗಿಂದಲೇ ಪ್ರಯೋಗದ ಸಾಮಾನುಗಳನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಮಗಳ ವಿಜ್ಞಾನದ ಉಪಾಧ್ಯಾಯರು ಆ ತರಬೇತಿಗೆ ಹೋಗಿಬಂದಿರುವರೇ ಎಂದು ಪೋಷಕರ ಸಭೆಯಲ್ಲಿ ಕೇಳುವುದು ಉಚಿತ.

ಪದವಿಯ ವ್ಯಾಸಂಗಗಳಿಗೆ ಬೆಂಗಳೂರಿಗೇ ಹೋಗತಕ್ಕದ್ದು. ಅಲ್ಲಿ 2011ರಿಂದ ನಾಲ್ಕು ವರ್ಷಗಳ ವಿಜ್ಞಾನ ಪದವಿಯೂ, 2022ರಿಂದ ಗಣಿತ ಮತ್ತು ಗಣಕ ವಿಷಯದ ಬಿ.ಟೆಕ್. ಪದವಿಯೂ ಇವೆ. ಇವುಗಳಿಗೆ ಪದವಿಪೂರ್ವದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಓದಿರಬೇಕು. ಅಖಿಲ ಭಾರತ ಪರೀಕ್ಷೆಯೊಂದರಲ್ಲಿ ಉತ್ತಮ ಸ್ಥಾನ ಗಳಿಸಿರಬೇಕು. ಹೆಣ್ಣುಮಗಳಿಗೆ ಗಣಿತ ಭಾರವೆಂದು ಅದನ್ನು ಬಿಡಿಸುವ ಹಿರಿಯರು ಆ ಕ್ಷಣದಲ್ಲಿಯೇ ಈ ಬಾಗಿಲನ್ನು ಮುಚ್ಚಿದಂತಾಯಿತು. ಜೆ.ಇ.ಇ. ಮುಖ್ಯ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿಯೂ ಬರೆಯಬಹುದು; ಅದರ ಮುಂದಿನ ಹಂತದ ಪರೀಕ್ಷೆಯು ಮಾತ್ರ ಇಂಗ್ಲಿಷ್, ಹಿಂದಿಗಳಲ್ಲಿಯೇ ನಡೆಯುವುದು.

ಇಷ್ಟು ಕಠಿಣವಾದ ಮೊದಲ ಬಾಗಿಲಿನಲ್ಲಿ ನಿಂತು ನಿರಾಶರಾಗುವುದು ಬೇಡ. ಎರಡನೆಯ ಬಾಗಿಲೇ ನಮ್ಮವರಿಗೆ ಹೆಚ್ಚು ಅನುಕೂಲವೆಂದು ತೋರುತ್ತದೆ. ಚಳ್ಳಕೆರೆಯ ಎಚ್.ಪಿ.ಪಿ.ಸಿ. ಸರಕಾರಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದಿದವಳು ಜಾಮ್ ಎಂಬ ಪರೀಕ್ಷೆಯ ಮೂಲಕ ಅದೇ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ. ವ್ಯಾಸಂಗಕ್ಕೆ ಸೇರಬಲ್ಲಳು. ಚಳ್ಳಕೆರೆಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನವಳು ಗೇಟ್ ಪರೀಕ್ಷೆಯಿಂದ ಎಂ.ಟೆಕ್.ಗೆ ಹೋಗಬಲ್ಲಳು. ಮನೆಯಿಂದ ಬಹುದೂರ ಕಳುಹಿಸಲಾಗದವರಿಗೆ 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯವೂ, ಚಿತ್ರದುರ್ಗದ ಬಳಿಯಿರುವ ಅದರ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರವೂ ಇವೆ. ಖರ್ಚಿನ ಮಾತಿಗೆ ಬಂದರೆ, ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಗೊತ್ತಾಯಿತು. ಮೊಳಕಾಲ್ಮೂರಿನಲ್ಲಿ ಒಂದು ರೇಷ್ಮೆ ಸೀರೆಗೆ ಮಗ್ಗದ ಮುಂದೆ ಎಷ್ಟು ದಿನ ಕೂರಬೇಕೆಂದು ಬಲ್ಲವರಿಗೆ ಈ ಮೊತ್ತದ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ.

ಆ ಸಂಸ್ಥೆಯೇನೂ ಸ್ತ್ರೀಯರನ್ನು ಮೊದಲಿನಿಂದ ಆದರದಿಂದ ಬರಮಾಡಿಕೊಂಡುದಲ್ಲ. 1933ರಲ್ಲಿ ಮುಂಬಯಿಯ ಕಮಲಾ ಭಾಗವತ್ ಎಂಬ ತರುಣಿ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರು ಹೆಣ್ಣೆಂಬ ಕಾರಣದಿಂದಲೇ ನಿರಾಕರಿಸಿದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಲು ಅನುಮತಿ ದೊರೆಯಿತು. ಆಕೆಯ ಕೆಲಸವನ್ನು ಕಂಡು ರಾಮನ್ನರ ಮನಸ್ಸು ಬದಲಾಯಿತು. ವಿವಾಹಾನಂತರ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರ ಚರಿತ್ರೆ ಇನ್ನೂ ಹತ್ತಿರದ್ದು. 1922ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಸ್ತ್ರೀ ಪದವೀಧರೆಯರಲ್ಲಿ ಒಬ್ಬರು. ಮೊಮ್ಮಗಳು ಅಮೆರಿಕದ ಮಿಚಿಗನ್ನಿನಲ್ಲಿ ಓದಿ, 1953ರಲ್ಲಿ ಹಿಂದಿರುಗಿ, ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ವಿಭಾಗದಲ್ಲಿ ಅಧ್ಯಾಪಕಿಯಾದರು. ಮುಂದೆ ಅದೇ ವಿಭಾಗದ ಮುಖ್ಯಸ್ಥೆಯಾದರು. ಅವರು ಕಲಿಸಿದ ಸೂಕ್ಷ್ಮತರಂಗ ವಿದ್ಯೆಯೇ ರೇಡಾರ್ ಯಂತ್ರಗಳಿಗೆ ಆಧಾರವಾದುದು. ಅಜ್ಜಿ ಓದಿದ ಮನೆಯಲ್ಲಿ ಮೊಮ್ಮಗಳ ದಾರಿ ಸುಗಮವಾಯಿತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ.

ಉದ್ಯೋಗಗಳ ಬಗೆಗೆ ಸಂಕ್ಷೇಪವಾಗಿ ಹೇಳುವೆವು. ರಕ್ಷಣಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವು 2017ರ ಮೇ 28ರಂದು ಪ್ರಾರಂಭೋತ್ಸವವನ್ನು ಕಂಡಿತು. ಬಾಹ್ಯಾಕಾಶದಿಂದ ಮರಳಿ ಬಂದು ಇಳಿಯಬಲ್ಲ ವಾಹನವನ್ನು ರೂಪಿಸುವ ಉದ್ದೇಶದಿಂದ ಮಾಡಿದ ಮಾದರಿಯನ್ನು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟು, ಅದು ತಾನಾಗಿ ಬಂದು ಇಳಿಯುವ ಪರೀಕ್ಷೆಯು 2023ರ ಏಪ್ರಿಲ್ 2ರಂದೂ, 2024ರಲ್ಲಿ ಎರಡು ಬಾರಿಯೂ ಅಲ್ಲಿಯೇ ನಡೆಯಿತು. ಆದರೆ ಊರಿನವರೆಂಬ ಕಾರಣದಿಂದ ಅಲ್ಲಿ ವಿಜ್ಞಾನಿಯ ಹುದ್ದೆ ದೊರೆಯದು. ದೇಶದ ಎಲ್ಲರೊಡನೆ ಸ್ಪರ್ಧಿಸಿಯೇ ಪಡೆಯಬೇಕು. ಡಿಪ್ಲೊಮಾ ಮತ್ತು ಐ.ಟಿ.ಐ. ಆದವರಿಗೂ ತಾಂತ್ರಿಕ ಹುದ್ದೆಗಳು ಆಗಾಗ ಪ್ರಕಟವಾಗುವುವು. ಬಿ.ಎಸ್‌ಸಿ.ಯ ಮೇಲೆ ಬಿ.ಎಡ್. ಮಾಡಿ ಅಧ್ಯಾಪಕಿಯಾಗುವುದು ಹಳೆಯ ದಾರಿ. ಅದನ್ನು ಹಿಡಿದವಳು ಕುದಾಪುರಕ್ಕೆ ಶಿಕ್ಷಾರ್ಥಿಯಾಗಿ ಹೋಗುವ ಸಂಭವವೇ ಹೆಚ್ಚು ಎಂಬುದೊಂದು ಸ್ವಾರಸ್ಯ.

ಕೊನೆಯದಾಗಿ ಕಾಗದಪತ್ರಗಳ ವಿಷಯ. ಇದರಲ್ಲಿ ಅಲಕ್ಷ್ಯ ಮಾಡಿ ಕೆಟ್ಟವರುಂಟು. ರಾಜ್ಯದ ಸಿ.ಇ.ಟಿ. ಮೂಲಕ ದೊರೆಯುವ ಇಂಜಿನಿಯರಿಂಗ್ ಸ್ಥಾನಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲುಂಟು. ಪ್ರೌಢಶಾಲೆಗೆಂದು ಪಟ್ಟಣಕ್ಕೆ ಬಂದವಳಿಗೆ ಮೊದಲನೆಯದು ತಪ್ಪುವುದು, ಎರಡನೆಯದು ಉಳಿಯಬಹುದು. ಬಳ್ಳಾರಿಯ ನೆರೆಯವರಾದ ಮೊಳಕಾಲ್ಮೂರಿನವರು 371ಜೆ ಸೌಲಭ್ಯವು ತಮಗೂ ಉಂಟೆಂದು ತಿಳಿಯುವುದುಂಟು. ಚಿತ್ರದುರ್ಗ ಜಿಲ್ಲೆಯು ಅದಕ್ಕೆ ಸೇರಿಲ್ಲ. ವ್ಯಾಸಂಗದ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ರುಜುವೂ, ಗ್ರಾಮೀಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವೂ ಬೇಕು. ಮಗಳು ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ ಓದಿದ್ದರೆ ಎಲ್ಲ ಕಡೆಯ ದಾಖಲೆಗಳನ್ನೂ ತರಿಸಬೇಕಾಗುವುದರಿಂದ, ಪದವಿಪೂರ್ವದ ಎರಡನೆಯ ವರ್ಷ ಆರಂಭವಾದಾಗಲೇ ಈ ಕೆಲಸಕ್ಕೆ ಕೈಹಾಕುವುದು ಮೇಲು.